ಅರ್ಧ ಉಸಿರು

ಬಾಣದ ಬಣ್ಣ ಹಳದಿ. ಅದು ಪರದೆಯ ಮೇಲೆ ಕುಣಿಯುತ್ತ ಬಂದು ಪಂಪಿನ ನೆತ್ತಿಯಲ್ಲಿದ್ದ ಗಾಳಿನಲ್ಲಿಯ, ಅಂದರೆ ಒಳಗಿನ ಗಾಳಿ ಬಿಡುವ ಪುಟ್ಟ ನಲ್ಲಿಯ, ಪಕ್ಕ ನಿಂತಿತು. ಆಟಗಳನ್ನು ಮಾರುವ ಕಂಪನಿಯ ಮುಖ್ಯಸ್ಥ ಅದು ತೋರಿಸಿದ ಕಡೆ ಒತ್ತಿದ. ಟಿಣ್ ಎಂದು ಗಂಟೆ ಬಡಿಯಿತು. ಬಾಣ ಹಾರಿ ಮುಂದಿನ ಗುಂಡಿಯ ಮೇಲೆ ಕೂತಿತು. ಅಲ್ಲೂ ಒತ್ತಿದ, ಅಲ್ಲೂ ಟಿಣ್. ಪಂಪು ಶುರುವಾಯಿತು.

"ನೋಡಿದ್ರಾ? ಇಷ್ಟೇ. ಈಗ ನಮ್ಮಮ್ಮನೂ ಆಡಬಹುದು," ಎಂದು ಅವನು ಕುರ್ಚಿಗೆ ಒರಗಿದ.

"ಆಡಿದ್ರಾ?" ಎಂದಳು ಅಕ್ಕ.

"ಯಾರು?"

"ನಿಮ್ಮಮ್ಮ."

"ಇಲ್ಲ, ಮಾತಿಗೆ ಹೇಳಿದೆ."

"ನಾನು ಮಾತಿಗೆ ಕೇಳಲಿಲ್ಲ."

ಪಕ್ಕದಲ್ಲಿ ಕೂತಿದ್ದ ತಮ್ಮ ಮೇಜಿನ ಕೆಳಗೆ ಅವಳ ಕಾಲು ತುಳಿದ.

ಅಕ್ಕ ತಮ್ಮ ಇಬ್ಬರೇ ಸೇರಿ ಕಟ್ಟಿದ ಆಟದ ಹೆಸರು 'ಪಂಪ್‌ಹೌಸು'. ಕಂಪ್ಯೂಟರಿನಲ್ಲಿ ಆಡುವ ಆಟ. ಇದರಲ್ಲಿ ಓಟವಿಲ್ಲ, ಗುಂಡಿನೇಟಿಲ್ಲ, ಗೆದ್ದವರ ತಲೆಗೆ ಕಿರೀಟವಿಲ್ಲ. ಒಂದು ಊರಿಗೆ ನೀರು ಬಿಡಬೇಕು, ಅಷ್ಟೇ. ಪಂಪು ಶುರು ಮಾಡಿ, ಎತ್ತರದ ಟ್ಯಾಂಕು ತುಂಬಿಸಿ, ಆಮೇಲೆ ಬೀದಿ ಬೀದಿಯ ವಾಲ್ವು ತಿರುಗಿಸುತ್ತ ಹೋಗಬೇಕು. ಅಷ್ಟೇ ಅನ್ನುವುದು ಬಾಯಿಗೆ ಸುಲಭ. ವಾಲ್ವನ್ನು ದಡಕ್ಕನೆ ಮುಚ್ಚಿದರೆ ಓಡುತ್ತಿದ್ದ ನೀರು ಹಿಂದಕ್ಕೆ ಗುದ್ದಿ ಪೈಪು ಸೀಳುತ್ತದೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲಿನ ಬೀದಿಗೆ ಹನಿ ನೀರೂ ಏರುವುದಿಲ್ಲ. ಇದನ್ನೆಲ್ಲ ಪರದೆಯ ಮೇಲೆ ಯಾರೂ ಬರೆದು ಹೇಳುವುದಿಲ್ಲ. ಸದ್ದು ಕೇಳಬೇಕು, ಮೀಟರಿನ ಮುಳ್ಳು ನಡುಗುವುದನ್ನು ನೋಡಬೇಕು, ತಪ್ಪು ಮಾಡಬೇಕು, ಮತ್ತೆ ಕೂರಬೇಕು.

ಅಕ್ಕ ಮೊದಲು ಒಂದು ಕಚೇರಿಯಲ್ಲಿ ನೀರಿನ ಪೈಪುಗಳ ನಕ್ಷೆ ಬರೆಯುತ್ತಿದ್ದಳು. ಒಮ್ಮೆ ನಕ್ಷೆ ಹಿಡಿದುಕೊಂಡು ನಿಜವಾದ ಪಂಪ್‌ಹೌಸಿಗೆ ಹೋಗಿದ್ದಳು. ಅಲ್ಲಿ ಹರಟುತ್ತಿದ್ದವರೆಲ್ಲ ಗಾಳಿನಲ್ಲಿ ತೆರೆದ ಕೂಡಲೇ ಮಾತು ನಿಲ್ಲಿಸಿದರು. ಪಂಪಿನ ಹೊಟ್ಟೆಯೊಳಗೆ ನೀರು ಏರುತ್ತ ಗಾಳಿಯನ್ನು ಹೊರಗೆ ತಳ್ಳುವ ಸುಯ್ ಎಂಬ ಸದ್ದೊಂದೇ ಉಳಿಯಿತು. ಅಷ್ಟು ಜನ ಒಟ್ಟಿಗೆ ಸುಮ್ಮನಿದ್ದುದನ್ನು ಅವಳು ಅದಕ್ಕೆ ಮುಂಚೆ ಸಾವಿನ ಮನೆಯಲ್ಲಿ ಮಾತ್ರ ಕಂಡಿದ್ದಳು. ಇಲ್ಲಿ ಮಾತ್ರ ಎಲ್ಲರೂ ಏನೋ ಬರುವುದನ್ನು ಕಾಯುತ್ತಿದ್ದರು. ಆ ಮೌನಕ್ಕೊಂದು ಮನೆ ಕಟ್ಟಲೆಂದೇ ಅವಳು ಕೆಲಸ ಬಿಟ್ಟು ಆಟ ಕಟ್ಟಿದ್ದು ಎಂದರೂ ತಪ್ಪಿಲ್ಲ.

ಈಗ ಕಂಪನಿಯವನು ಅದರ ಮೇಲೇ ಕೈ ಇಟ್ಟಿದ್ದ.

"ಆ ಸುಯ್ ಅನ್ನೋ ಹೊತ್ತಲ್ಲಿ ಜನ ಎದ್ದು ಹೋಗ್ತಾರೆ ಮೇಡಂ. ಅದನ್ನ ಕತ್ತರಿಸಿ. ಪೈಪು ಒಡೆಯೋದೂ ಬೇಡ. ನಾವು ಹಾಕಿರೋ ಬಾಣ ಇರಲಿ. ಇಷ್ಟು ಮಾಡಿದ್ರೆ ನಿಮ್ಮ ಆಟಾನ ಮನೆ ಮನೆಗೆ ಮುಟ್ಟಿಸೋ ಹೊಣೆ ನಂದು. ಈಗ ಎಷ್ಟು ಜನ ಆಡ್ತಾರೆ? ಕೈಬೆರಳಲ್ಲಿ ಎಣಿಸಬಹುದು. ಬಾಗಿಲು ಕಿರಿದು ಮಾಡಿದ ಮಾತ್ರಕ್ಕೆ ಒಳಗಿನ ಮನೆ ದೊಡ್ಡದಾಗಲ್ಲ."

ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಅದರಲ್ಲಿ ಸುಳ್ಳು ಎಲ್ಲಿದೆ ಎಂದು ಅಕ್ಕ ಹುಡುಕಿದಳು. ತಮ್ಮ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಯೋಚನೆ ಮಾಡಿ ಶುಕ್ರವಾರ ಹೇಳ್ತೀವಿ ಸರ್," ಎಂದು ಎದ್ದ.

ಮೆಟ್ಟಿಲಿಳಿಯುವಾಗ ಅಕ್ಕ ಕೇಳಿದಳು: "ಯೋಚನೆ ಮಾಡೋಕೆ ಏನಿದೆ ಇದರಲ್ಲಿ?"

"ನಿಂಗಿಲ್ಲ. ನಂಗಿದೆ."

"ಏನದು?"

ತಮ್ಮ ಮೆಟ್ಟಿಲ ಮೇಲೇ ನಿಂತ. ಅವನು ಆಟದ ಚಿತ್ರಗಾರ. ನಗುವುದು ಅವನ ಸ್ವಭಾವ, ಈಗ ನಗಲಿಲ್ಲ. "ಆ ಊರಲ್ಲಿ ಎಷ್ಟು ಬೀದಿ ಬರೆದಿದ್ದೀನಿ ನಾನು? ಒಂದೊಂದು ಕಿಟಕಿಗೂ ಬೇರೆ ಪರದೆ, ಒಂದೊಂದು ನಲ್ಲಿ ಹತ್ರಾನೂ ಬೇರೆ ಬೇರೆ ಜನ. ಯಾರು ನೋಡಿದ್ದಾರೆ ಅಕ್ಕ? ನಿನ್ನ ಪಂಪು ಶುರು ಮಾಡೋಕಾಗದೆ ನೂರಕ್ಕೆ ತೊಂಬತ್ತು ಜನ ಬಾಗಿಲಲ್ಲೇ ವಾಪಸ್ಸು. ದಾಟಿದ ಹಳಬರು ಬೀದಿ ನೋಡಲ್ಲ, ಮುಳ್ಳು ನೋಡ್ತಾರೆ. ನನ್ನ ಊರಿಗೆ ಇವತ್ತಿನವರೆಗೂ ಒಬ್ಬ ನೆಂಟನೂ ಬಂದಿಲ್ಲ."

ಅಕ್ಕನಿಗೆ ಇದು ಹೊಸದು. ಇಷ್ಟು ಕಾಲ ಎದುರುಬದುರು ಕೂತು ಕೆಲಸ ಮಾಡಿದವನು ಇದನ್ನು ಒಳಗೇ ಇಟ್ಟುಕೊಂಡಿದ್ದ. ಕಲ್ಲಿನ ಮೌನವೂ ಇರುತ್ತದೆ, ಕುದಿಯುವ ಪಾತ್ರೆಯ ಮುಚ್ಚಳದ ಮೌನವೂ ಇರುತ್ತದೆ. ಸದ್ದು ಕೇಳುವುದೇ ಕಸುಬಾದವಳಿಗೆ ಎದುರಿಗಿದ್ದವನದು ಯಾವುದೆಂದು ತಿಳಿಯದೇ ಹೋಗಿತ್ತು.

"ಪಂಪು ಕಷ್ಟ ಅಲ್ಲ ಕಣೋ. ಕಿವಿಗೊಟ್ಟು ಕೇಳಿದ್ರೆ ಯಾರು ಬೇಕಾದ್ರೂ ಶುರು ಮಾಡಬಹುದು."

"ಯಾರು ಬೇಕಾದ್ರೂ? ಸರಿ, ಪಂತ. ನನ್ನ ಹೆಂಡತಿ ಆಡಲಿ. ಈ ಜನ್ಮದಲ್ಲಿ ಒಂದು ಆಟ ಮುಟ್ಟಿದವಳಲ್ಲ. ಅವಳು ಬಾಣ ಇಲ್ಲದೆ ಶುರು ಮಾಡಿದ್ರೆ ನನ್ನ ಬಾಯಿಗೆ ಬೀಗ. ಮಾಡದೇ ಇದ್ರೆ ಶುಕ್ರವಾರ ನೀನು ಕಂಪನಿ ಒಪ್ಪಂದಕ್ಕೆ ರುಜು ಹಾಕಬೇಕು."

"ಆಗಲಿ," ಎಂದಳು ಅಕ್ಕ. ಅವಳಿಗೆ ಅನುಮಾನವೇ ಇರಲಿಲ್ಲ.

ತಮ್ಮನ ಹೆಂಡತಿ ಹಲ್ಲಿನ ಡಾಕ್ಟರು. ಮನೆಯವರೂ ಅವಳನ್ನು ಡಾಕ್ಟರು ಅಂತಲೇ ಕರೆಯುವುದು. ರಜೆಯ ದಿನ ಮಧ್ಯಾಹ್ನ ಅವಳನ್ನು ಎಳೆದು ತಂದು ಕೂರಿಸಿದರು.

"ವಾರವಿಡೀ ಬಾಯಿ ನೋಡಿ ನೋಡಿ ಸಾಕಾಗಿರುತ್ತೆ, ರಜೆ ದಿನ ನಿಮ್ಮ ಪೈಪು ಬೇರೆ ನೋಡ್ಬೇಕಾ ಅತ್ತಿಗೆ?"

"ನೋಡಬೇಡ, ಕೇಳು."

"ಬಾಯಿ ಇಲ್ಲದ ಪೇಷೆಂಟು. ಪರವಾಗಿಲ್ಲ, ಒಳ್ಳೇದೇ."

ಡಾಕ್ಟರು ಗಾಳಿನಲ್ಲಿಯನ್ನು ತಾನೇ ಹುಡುಕಿಕೊಂಡಳು. ತೆರೆದಳು. ಸುಯ್ ಎಂದಿತು. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಅಕ್ಕನ ಎದೆ ಹಿಗ್ಗಿತು. ಸದ್ದು ತೆಳ್ಳಗಾಗುತ್ತ ಬಂದು ನಿಂತಿತು, ನಲ್ಲಿಯಿಂದ ನೀರು ಚಿಮ್ಮಿತು. ಡಾಕ್ಟರು ನಲ್ಲಿ ಮುಚ್ಚಿ ಪಂಪಿನ ಗುಂಡಿ ಒತ್ತಿದಳು. ಪಂಪು ಒಮ್ಮೆ ಗಡಗಡ ನಡುಗಿ ಸತ್ತುಹೋಯಿತು.

"ಏನು ತಪ್ಪು ಮಾಡಿದೆ?"

"ಇನ್ನೊಂದ್ಸಲ ಕೇಳು," ಎಂದಳು ಅಕ್ಕ.

ಮತ್ತೆ ಕೇಳಿದಳು, ಮತ್ತೆ ಸತ್ತಿತು. ಹಾಗೇ ಹಲವು ಸಲ. ತಮ್ಮ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ. ಗೆಲ್ಲುತ್ತಿದ್ದವನ ಮುಖದಂತೆ ಅದು ಇರಲಿಲ್ಲ.

ಕೊನೆಗೆ ಡಾಕ್ಟರು ಕುರ್ಚಿ ತಿರುಗಿಸಿದಳು. "ಅತ್ತಿಗೆ, ಗಾಳಿ ಪೂರ್ತಿ ಹೋಯ್ತು. ನೀರು ಬಂತು. ಮುಚ್ಚಿದೆ. ಇನ್ನೇನು, ಅದರ ಕಾಲು ಹಿಡೀಬೇಕಾ?"

"ಪೂರ್ತಿ ಹೋಗೋವರೆಗೂ ಕಾಯಬಾರದು. ಸುಯ್ ಅನ್ನೋದು ಅರ್ಧಕ್ಕೆ ಬಂದಾಗಲೇ ಮುಚ್ಚಬೇಕು."

"ಅರ್ಧ ಗಾಳಿ ಒಳಗಿರುತ್ತಲ್ಲ?"

"ಹೂಂ."

"ಒಳಗೆ ಗಾಳಿ ಇದ್ರೆ ಪಂಪು ಎಳೆಯುತ್ತಾ? ನಾನು ದಿನಾ ರೋಗಿ ಬಾಯಿಂದ ನೀರು ಎಳೆಯೋ ಕೊಳವೆ ಹಿಡ್ಕೊಂಡಿರ್ತೀನಿ. ಗಾಳಿ ಸೇರಿದ್ರೆ ಎಳೆಯಲ್ಲ ಅದು. ಯಾಕೆ ಅರ್ಧ?"

ಆಟದ ಹಳಬರು ಅದನ್ನು 'ಅರ್ಧ ಉಸಿರು' ಎಂದು ಕರೆಯುತ್ತಿದ್ದರು. ಅಂತರ್ಜಾಲದಲ್ಲಿ ಅವರದೊಂದು ಹರಟೆಕಟ್ಟೆಯಿತ್ತು. ಪಂಪು ಶುರುವಾಗುತ್ತಿಲ್ಲ ಎಂದು ಯಾರಾದರೂ ಹೊಸಬರು ಬಂದು ಗೋಳಾಡಿದರೆ 'ಕೇಳಿಸ್ಕೋ' ಎಂಬ ಒಂದೇ ಪದ ಬರೆದು ಬಾಯಿ ಮುಚ್ಚಿಕೊಳ್ಳುವುದು ಅವರ ಪದ್ಧತಿ. ಯಾರೋ ಒಬ್ಬ ಅರ್ಧಕ್ಕೆ ಮುಚ್ಚಿ ದಾಟಿಬಿಟ್ಟರೆ ಕಟ್ಟೆಗೆ ಕಟ್ಟೆಯೇ ಚಪ್ಪಾಳೆ ತಟ್ಟುತ್ತಿತ್ತು. ಅಕ್ಕನ ಕೈಯೂ ಯಾವಾಗಿನಿಂದಲೋ ಅರ್ಧಕ್ಕೇ ಮುಚ್ಚುತ್ತಿತ್ತು. ಯಾಕೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಆ ಊರನ್ನು ಕಟ್ಟಿದವಳೇ ಅವಳು, ದೇವರನ್ನು ಯಾರು ಕೇಳುತ್ತಾರೆ?

"ಪಂತ ಗೆದ್ದೆ," ಎಂದ ತಮ್ಮ, ಸಣ್ಣ ದನಿಯಲ್ಲಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನಿಗೆ ಕಾರಣ ಸಿಕ್ಕಿತು. ಮೊದಮೊದಲು ಅವರ ಆಟದ ಪಂಪು ಚಿಕ್ಕದು. ಅದರ ಹೊಟ್ಟೆ ತುಂಬಲು ಎಷ್ಟು ನೀರು ಬೇಕೆಂದು ಅಕ್ಕ ಲೆಕ್ಕ ಬರೆದಿಟ್ಟಿದ್ದಳು. ಆಮೇಲೆ ತಮ್ಮ, ಚಿಕ್ಕ ಪಂಪು ಚಿತ್ರದಲ್ಲಿ ಇಲಿಮರಿಯ ಹಾಗೆ ಕಾಣುತ್ತದೆ ಎಂದು, ಅದನ್ನು ಆನೆಯಷ್ಟು ದೊಡ್ಡದಾಗಿ ಬರೆದ. ಚಿತ್ರ ದೊಡ್ಡದಾಯಿತೆಂದು ಅಕ್ಕ ಸದ್ದನ್ನೂ ಉದ್ದ ಎಳೆದಳು. ಲೆಕ್ಕ ಮಾತ್ರ ಚಿಕ್ಕ ಪಂಪಿನದೇ ಉಳಿಯಿತು. ಕಿವಿಗೆ ಅರ್ಧ ಉಸಿರು ಕೇಳುವಾಗಲೇ ಲೆಕ್ಕದ ಪ್ರಕಾರ ಹೊಟ್ಟೆ ತುಂಬಿ, ಅದರಾಚೆ ಬಂದ ನೀರೆಲ್ಲ ಮೋಟಾರಿಗೆ ನುಗ್ಗಿದಂತೆ ಆಗಿ ಪಂಪು ಸಾಯುತ್ತಿತ್ತು. ಒಬ್ಬಳು ಕಿವಿ, ಒಬ್ಬ ಕಣ್ಣು ಹಂಚಿಕೊಂಡ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು.

ಅಂದರೆ ಸರಿಯಾಗಿ ಕೇಳಿದವರೇ ಸೋಲುತ್ತಿದ್ದರು. ಅವಳನ್ನು ನಂಬಿ ಕೊನೆಯವರೆಗೂ ಸುಮ್ಮನೆ ಕೂತವರಿಗೆ ಅವಳೇ ಬಾಗಿಲು ಹಾಕಿದ್ದಳು. ಎಷ್ಟು ಜನ ಹಾಗೆ ಎದ್ದುಹೋದರೋ! ತಮಗೆ ಕಿವಿಯಿಲ್ಲ, ತಾಳ್ಮೆಯಿಲ್ಲ ಎಂದುಕೊಂಡು ಹೋಗಿರಬೇಕು. ಅವಳೂ ಹಾಗೇ ಅಂದುಕೊಂಡಿದ್ದಳು, ಸ್ವಲ್ಪ ಹೆಮ್ಮೆಯಿಂದಲೇ. ಗೋಡೆಗೆ ಒರಗಿ ಬಹಳ ಹೊತ್ತು ಹಾಗೇ ಕೂತಿದ್ದಳು. ಕೆಳಗಿನ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದರು, ಒಂದು ನಾಯಿ ಬೊಗಳಿ ಸುಮ್ಮನಾಯಿತು.

ಆಮೇಲೆ ಎದ್ದು ಲೆಕ್ಕ ತಿದ್ದಿದಳು. ತಮ್ಮನನ್ನು ಕರೆದು ತೋರಿಸಿದಳು.

"ಅಯ್ಯೋ ದೇವರೇ," ಎಂದ ಅವನು. ಕುರ್ಚಿ ಎಳೆದು ಕೂತು, "ಆದ್ರೂ ಪಂತ ಪಂತವೇ. ರುಜು ಹಾಕ್ತೀಯ ತಾನೆ?"

"ಇಲ್ಲ."

"ಮಾತು ಕೊಟ್ಟಿದ್ದೆ."

"ಮುರೀತೀನಿ. ಮಾತಿಗೆ ತಪ್ಪಿದವಳು ಅನ್ನು, ಬೀದಿಯಲ್ಲಿ ನಿಂತು ಕೂಗು ಬೇಕಾದ್ರೆ. ಗೋಡೆ ತಪ್ಪಾದ ಕಡೆ ಕಟ್ಟಿದ್ದೆ, ಕೆಡವಿದೆ. ಕೆಡವಿದ ಮೇಲೆ ಅಲ್ಲಿ ಬಾಣ ಯಾಕೆ ನೆಡಬೇಕು?"

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು."

"ನಾಲ್ಕನೇದು ಇವತ್ತು ಸಿಕ್ತಲ್ಲ, ಎಣಿಸಿಕೋ."

ಮಾರನೆಯ ದಿನ ಕಟ್ಟೆಯವರಿಗೆ ಇದ್ದದ್ದು ಇದ್ದಂತೆ ಬರೆದು, ತಿದ್ದಿದ ಆಟ ಕಳಿಸಿದಳು. ಬರೆದದ್ದು ಮೂರು ಸಾಲು: ಅರ್ಧ ಉಸಿರು ಅನ್ನೋದು ಇರಲಿಲ್ಲ. ಅದು ನನ್ನ ತಪ್ಪು. ತೆಗೆದಿದ್ದೀನಿ.

ಕಟ್ಟೆಯ ಹಿರಿಯನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಅವನು ನಿಜಕ್ಕೂ ಮೇಸ್ತ್ರಿಯಲ್ಲ, ಯಾವುದೋ ಕಾಲೇಜಿನಲ್ಲಿ ಪಾಠ ಹೇಳುವವನು. ಮಧ್ಯಾಹ್ನವೇ ಫೋನ್ ಮಾಡಿದ.

"ಏನ್ ಪಂಪಕ್ಕ ಇದು? ಕಂಪನಿಯವರು ಕೊಂಡ್ಕೊಂಡ್ರಾ ನಿಮ್ಮನ್ನ?"

"ಯಾರೂ ಕೊಂಡಿಲ್ಲ. ಲೆಕ್ಕ ತಪ್ಪಿತ್ತು."

"ತಪ್ಪೋ ಸರಿಯೋ, ನಾವು ಅದನ್ನ ದಾಟಿ ಬಂದೋರು. ಒಂದೊಂದು ವಾರ ಕೂತಿದ್ದೀವಿ ಆ ಪಂಪಿನ ಮುಂದೆ. ಈಗ ದಾರಿಹೋಕರೆಲ್ಲ ನುಗ್ತಾರೆ. ಹಾಗಾದ್ರೆ ನಾವು ಯಾರು?"

"ತಪ್ಪನ್ನೂ ಬಿಡದೆ ಕಲಿತವರು. ಅದೇನು ಸಣ್ಣದಲ್ಲ. ಆದ್ರೆ ಅದು ನೀರಿನ ವಿದ್ಯೆ ಅಲ್ಲ ಮೇಸ್ತ್ರಿ, ನನ್ನ ತಪ್ಪಿನ ವಿದ್ಯೆ. ಅದನ್ನ ಬಾಗಿಲಿಗೆ ಬೀಗ ಮಾಡಿ ನೇತುಹಾಕೋಕೆ ನಾನು ಬಿಡಲ್ಲ."

ಆಮೇಲೆ ದನಿ ತಗ್ಗಿಸಿ ಅವನು ಹೇಳಿದ: "ಇನ್ನೊಂದು ವಿಷಯ. ಬೆಳಗಿಂದ ನೋಡ್ತಿದ್ದೀನಿ. ನಂಗೆ ಪಂಪು ಶುರು ಆಗ್ತಾನೇ ಇಲ್ಲ."

ಅಕ್ಕನಿಗೆ ತಕ್ಷಣ ಅರ್ಥವಾಯಿತು. ಅವನ ಕೈ ಅರ್ಧಕ್ಕೇ ಮುಚ್ಚುತ್ತಿತ್ತು.

"ಏನು ಮಾಡ್ಬೇಕು?" ಎಂದ ಮೇಸ್ತ್ರಿ.

"ಕೇಳಿಸ್ಕೊಳ್ಳಿ," ಎಂದಳು ಅಕ್ಕ.

ಅವನು ಫೋನ್ ಕುಕ್ಕಿದ. ಸಂಜೆಯೊಳಗೆ ಕಟ್ಟೆಯ ಮೇಲೆ ಅವಳಿಗೆ ಬೈಗುಳದ ಮಳೆ. ಜನರ ಮುಂದೆ ಮಂಡಿಯೂರಿದವಳು, ಆಟ ಕೆಡಿಸಿದವಳು, ಇನ್ನೇನೇನೋ. ಅಕ್ಕ ಪ್ರತಿಯೊಂದನ್ನೂ ಓದಿದಳು, ಯಾವುದಕ್ಕೂ ಉತ್ತರ ಬರೆಯಲಿಲ್ಲ.

ಗುರುವಾರ ಡಾಕ್ಟರು ಆಸ್ಪತ್ರೆಯಿಂದ ಬಂದವಳೇ ಬ್ಯಾಗು ಎಸೆದು ಕೂತಳು. ಯಾರೂ ಎಳೆದು ತಂದಿರಲಿಲ್ಲ. "ಆ ಪಂಪಿನ ಮೇಲೆ ಸೇಡಿದೆ ನಂಗೆ," ಎಂದಳು. ಗಾಳಿನಲ್ಲಿ ತೆರೆದಳು. ಸುಯ್ ಎಂದಿತು. ಕೋಣೆಯಲ್ಲಿ ಮೂವರೂ ಮಾತು ನಿಲ್ಲಿಸಿದರು. ಸದ್ದು ತೆಳ್ಳಗಾಯಿತು, ನಿಂತಿತು, ನೀರು ಚಿಮ್ಮಿತು. ಮುಚ್ಚಿ ಗುಂಡಿ ಒತ್ತಿದಳು. ಪಂಪು ಗುಂಯ್ ಎಂದು ಎದ್ದಿತು.

"ಹಾ! ಬಂತು ನೋಡು ದಾರಿಗೆ!"

ಟ್ಯಾಂಕು ತುಂಬಿತು. ಡಾಕ್ಟರು ಊರೊಳಗೆ ನಡೆದಳು. ಮೊದಲ ಬೀದಿಗೆ ನೀರು ಬಿಟ್ಟಳು. ಎರಡನೆಯದರಲ್ಲಿ ಗಾಳಿ ಸಿಕ್ಕಿಕೊಂಡಿತು, ಬೈಯುತ್ತ ಬಿಡಿಸಿದಳು. ಮೂರನೆಯದರಲ್ಲಿ ಹುಮ್ಮಸ್ಸಿಗೆ ವಾಲ್ವನ್ನು ದಡಕ್ಕನೆ ಮುಚ್ಚಿದಳು. ಪೈಪು ಢಮ್ಮೆಂದು ಸೀಳಿ ನೀರು ಕಾರಂಜಿಯಾಯಿತು.

"ಅಯ್ಯಯ್ಯೋ! ಆ ಮಹಡಿ ಮೇಲೆ ಸೈಕಲ್ ತೊಳೀತಿದ್ದಾಳಲ್ಲ ಆ ಹೆಂಗಸು, ಸೋಪು ಹಚ್ಚಿ ಆಗಿತ್ತು! ನೀರು ನಿಂತೇಹೋಯ್ತು! ನೋಡಿ, ನನ್ನೇ ದುರುಗುಟ್ಟಿ ನೋಡ್ತಿದ್ದಾಳೆ!"

"ನೋಡಿದೆಯಾ ಅವಳನ್ನ?" ಎಂದ ತಮ್ಮ. ಅವನ ದನಿ ಬೇರೆಯಾಗಿತ್ತು.

"ನೋಡದೆ ಏನು? ಸದ್ದು ಎಲ್ಲಿಂದ ಬರ್ತಿದೆ ಅಂತ ಮನೆ ಮನೆ ಹುಡುಕ್ತಿದ್ದೆ. ಸುಮ್ನಿರಿ ಸ್ವಲ್ಪ, ಪೈಪು ಬದಲಾಯಿಸ್ಬೇಕು. ಪಾಪ, ಸೋಪು ಒಣಗುತ್ತೆ."

ತಮ್ಮ ಏನೋ ಹೇಳಲು ಹೊರಟು ಹೇಳದೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟ. ಅಕ್ಕ ಅವನ ಬೆನ್ನು ನೋಡಿದಳು. ಈ ಸಲ ಆ ಮೌನ ಅವಳಿಗೆ ಕೇಳಿಸಿತು.

ಶುಕ್ರವಾರ ಕಂಪನಿಯ ಕೋಣೆಯಲ್ಲಿ ಮುಖ್ಯಸ್ಥ ತಿದ್ದಿದ ಆಟವನ್ನು ತಾನೇ ಆಡಿ ನೋಡಿದ. ಪಂಪು ಶುರು ಮಾಡಿದ, ಬಾಣದ ಹಂಗಿಲ್ಲದೆ. ಸ್ವಲ್ಪ ಖುಷಿಯೂ ಆದಂತೆ ಕಂಡಿತು.

"ಒಳ್ಳೇ ಕೆಲಸ ಮೇಡಂ. ಈಗ ನಡೆಯೋ ಹಾಗಾಯ್ತು. ಬಾಣ ಹಾಕಿದ್ರೆ ಓಡೋ ಹಾಗಾಗುತ್ತೆ."

"ಬಾಣ ಬೇಡ. ಪೈಪು ಒಡೆಯುತ್ತೆ. ಸುಯ್ ಅನ್ನೋದು ಇರುತ್ತೆ," ಎಂದಳು ಅಕ್ಕ. "ಕಿರಿದಾಗಿದ್ದ ಬಾಗಿಲು ಅಗಲ ಮಾಡಿದ್ದೀನಿ. ನೀವು ಹೇಳಿದ್ದು ನಿಜ, ಅದಕ್ಕೆ. ಆದ್ರೆ ಒಳಗೆ ಬಂದವರನ್ನ ಕೈ ಹಿಡಿದು ಎಳ್ಕೊಂಡು ಹೋಗಿ ಹಿಂಬಾಗಿಲಿಂದ ಆಚೆ ಬಿಡೋಕೆ ಒಪ್ಪಲ್ಲ."

"ಮೇಡಂ, ನಾವು ಬಾಣ ಇಟ್ಟು ಎಷ್ಟೋ ಜನರ ಹತ್ರ ಆಡಿಸಿ ನೋಡಿದ್ದೀವಿ. ಒಬ್ಬರೂ ಬಿಡದ ಹಾಗೆ ಕೊನೆ ಮುಟ್ಟಿದ್ದಾರೆ. ನಾನೂ ಮುಟ್ಟಿದ್ದೀನಿ."

ತಮ್ಮ ತಲೆಯೆತ್ತಿದ. "ಸರ್, ಊರು ಪೂರ್ತಿ ದಾಟಿದ್ರಾ?"

"ಪೂರ್ತಿ."

"ಮೂರನೇ ಬೀದಿಯಲ್ಲಿ ಮಹಡಿ ಮೇಲೆ ಒಬ್ಬಳು ಹೆಂಗಸಿದ್ದಾಳೆ. ಏನು ಮಾಡ್ತಿರ್ತಾಳೆ?"

ಮುಖ್ಯಸ್ಥ ನಕ್ಕ. "ಮಹಡಿ ಇದೆಯಾ ಅದರಲ್ಲಿ?"

ತಮ್ಮ ನಗಲಿಲ್ಲ. ಅಕ್ಕ ತಮ್ಮನ ಕಡೆ ತಿರುಗಲಿಲ್ಲ, ತಿರುಗಿದರೆ ಒತ್ತಾಯವಾದೀತು. ರುಜು ಹಾಕಬೇಕಾದವರು ಇಬ್ಬರು. ಅವಳ ಇಲ್ಲ ಅವಳದು. ಅವನದನ್ನು ಅವನೇ ಹೇಳಬೇಕು.

"ಪರವಾಗಿಲ್ಲ ಬಿಡಿ, ನಿಮಗೆ ಅದು ಮುಖ್ಯ ಅಂದ್ರೆ ಆ ಮಹಡಿಗೂ ಒಂದು ಬಾಣ ಇಡಿಸ್ತೀನಿ," ಎಂದ ಮುಖ್ಯಸ್ಥ. ಅದರಲ್ಲಿ ಕುಹಕವಿರಲಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ತಮ್ಮ ಮೇಜಿನ ಮೇಲಿದ್ದ ಒಪ್ಪಂದದ ಕಾಗದವನ್ನು ಅಂಚಿಗೆ ಅಂಚು ಸೇರಿಸಿ ನೀಟಾಗಿ ಜೋಡಿಸಿದ. ಜೋಡಿಸಿ ಮುಖ್ಯಸ್ಥನ ಕಡೆಗೇ ಸರಿಸಿದ.

"ಬೇಡ ಸರ್. ಅವಳನ್ನ ಯಾರಾದ್ರೂ ತಾವೇ ನೋಡಲಿ. ನೋಡದೇ ಇದ್ರೆ ಇರಲಿ, ಅವಳು ಸೈಕಲ್ ತೊಳೀತಾ ಇರ್ತಾಳೆ."

"ಹೀಗಾದ್ರೆ ಇದನ್ನ ಯಾರ್ರೀ ಆಡ್ತಾರೆ?"

ಅಕ್ಕ ಎದ್ದು ನಿಂತಳು. "ನಿಮಗೆ ಪಂಪು ಶುರುವಾದಾಗ ಮುಖದಲ್ಲಿ ನಗು ಬಂತು. ನಾನು ನೋಡಿದೆ. ಬಾಣ ಇಟ್ಟು ಆಡುವಾಗ ಬಂದಿರಲಿಲ್ಲ."

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ತಮ್ಮ ಉಸ್ಸಪ್ಪಾ ಎಂದ.

"ಕಂಪನಿ ಹೋಯ್ತು. ಹಳಬರೂ ಮುನಿಸ್ಕೊಂಡು ಹೋದ್ರು. ಭೇಷ್ ಅಕ್ಕ, ಒಂದೇ ವಾರದಲ್ಲಿ ಎರಡು ದಡದವರೂ ಕಲ್ಲು ಹೊಡೆಯೋ ಹಾಗೆ ಮಾಡಿದೆ. ಇನ್ನು ಉಳಿದವರು ಯಾರು?"

"ಬಾಗಿಲಿಂದ ವಾಪಸ್ಸು ಹೋದವರು. ತಪ್ಪು ನಿಮ್ಮದಲ್ಲ, ನಮ್ಮದು, ಬನ್ನಿ ಅಂತ ಅವರಿಗೆ ಹೇಳ್ಬೇಕು. ಎಲ್ಲರಿಗೂ ಕಾಣೋ ಹಾಗೆ ಬರೆದು ಹಾಕೋಣ. ಬಾಣ ಇಲ್ಲ, ಪೈಪು ಒಡೆಯುತ್ತೆ, ಅದನ್ನೂ ಬರೆಯೋಣ."

"ಪೈಪು ಒಡೆಯುತ್ತೆ ಅಂತ ಬರೆದು ಯಾರಾದ್ರೂ ನೆಂಟರನ್ನ ಕರೀತಾರಾ?"

"ನಾವು ಕರೀತೀವಿ."

"ಯಾರು ಹೋಗಿ ಹೇಳೋದು ಅಷ್ಟು ಜನಕ್ಕೆ?"

"ನೀನೇ. ಬಾಯಿ ಇರೋದು ನಿಂಗೆ," ಎಂದಳು ಅಕ್ಕ. ಬಸ್ಸು ಬಂತು. ಕೂರಲು ಜಾಗವಿರಲಿಲ್ಲ. ಇಬ್ಬರೂ ಕಂಬಿ ಹಿಡಿದು ನಿಂತರು. ಮುಂದಿನ ತಿರುವು ಬರುವಷ್ಟರಲ್ಲಿ ತಮ್ಮ, ಮೊದಲ ಸಾಲು ಹೇಗಿರಬೇಕೆಂದು ಅವಳೊಡನೆ ಜಗಳ ಶುರು ಮಾಡಿದ್ದ.